ಬೆರಳು ಯಾರದು?

ಮಕ್ಕಳೇ, ಈ ವಾರ ಮೊದಲಿಗೇ ನಿಮಗೊಂದು ಪ್ರಶ್ನೆ. ಅಜ್ಜಿಯೋ ತಾತನೋ ಮೊಬೈಲ್ ಹಿಡಿದು ನಿಮ್ಮ ಹತ್ತಿರ ಬಂದು, “ಫೋಟೋ ಕಳಿಸೋದು ಹೇಗೆ, ಸ್ವಲ್ಪ ಹೇಳಿಕೊಡು” ಎಂದು ಕೇಳಿದಾಗ ನೀವು ಏನು ಮಾಡುತ್ತೀರಿ?

ಹೆಚ್ಚಿನ ಮನೆಗಳಲ್ಲಿ ನಡೆಯುವುದು ನನಗೆ ಗೊತ್ತು. “ಕೊಡಿ ಇಲ್ಲಿ, ನಾನೇ ಕಳಿಸಿಬಿಡ್ತೀನಿ” ಎನ್ನುತ್ತೀರಿ. ಪುಟ್ಟ ಬೆರಳು ಟಕಟಕ ಎಂದು ನಾಲ್ಕು ಕಡೆ ಕುಣಿಯುತ್ತದೆ. ಫೋಟೋ ಹೋಗುತ್ತದೆ. “ನೋಡಿದ್ರಲ್ಲ, ಇಷ್ಟೇ!” ಎನ್ನುತ್ತಾ ಫೋನ್ ವಾಪಸು ಕೊಡುತ್ತೀರಿ. ಮಾರನೆಯ ದಿನ ಅದೇ ಅಜ್ಜಿ, ಅದೇ ಫೋನು, ಅದೇ ಪ್ರಶ್ನೆ. “ನಿನ್ನೆ ತಾನೇ ಹೇಳಿಕೊಟ್ಟೆನಲ್ಲ ಅಜ್ಜಿ!” ಎಂದು ನಿಮಗೆ ರೇಗುತ್ತದೆ. ಅಜ್ಜಿಯ ಮುಖ ಸಪ್ಪಗಾಗುತ್ತದೆ. “ನನ್ನ ತಲೆಗೆ ಇದೆಲ್ಲ ಹತ್ತಲ್ಲ ಬಿಡು” ಎಂದು ಒಳಗೆ ಹೋಗುತ್ತಾರೆ.

ಅಜ್ಜಿಯ ತಲೆಯಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇದ್ದದ್ದು ಪಾಠದಲ್ಲಿ. ನಿನ್ನೆ ಕೆಲಸ ಮಾಡಿದ್ದು ನಿಮ್ಮ ಬೆರಳು. ಅಜ್ಜಿಯ ಬೆರಳು ಸುಮ್ಮನೆ ಕೂತು ನೋಡುತ್ತಿತ್ತು.

ನಗಬೇಡಿ, ಇದೇ ಕಥೆ ನಿಮಗೂ ಆಗುತ್ತದೆ. ಭಿನ್ನರಾಶಿಯ ಲೆಕ್ಕದ ವಿಡಿಯೋ ಪಾಠ ಹಾಕಿಕೊಳ್ಳುತ್ತೀರಿ. ಪರದೆಯ ಮೇಲಿನ ಮೇಡಂ ಎಷ್ಟು ಚೆನ್ನಾಗಿ ಬಿಡಿಸುತ್ತಾರೆ! ಛೇದ ಸಮ ಮಾಡಿದರು, ಕೂಡಿದರು, ಉತ್ತರ ಬಂತು. “ಓ, ಸುಲಭ” ಅನ್ನಿಸುತ್ತದೆ. ಪರೀಕ್ಷೆಯ ದಿನ ಅದೇ ಥರದ ಲೆಕ್ಕ ಬಂದರೆ ಪೆನ್ನು ಮುಂದೆ ಹೋಗುವುದಿಲ್ಲ. ಅಲ್ಲಿಯೂ ಲೆಕ್ಕ ಮಾಡಿದ್ದು ಮೇಡಂ ಅವರ ಕೈ.

ಪಾಠವನ್ನು ಹೇಗೆ ಕಟ್ಟಿದರೆ ಕಲಿಯುವವರ ಕೈ ಓಡುತ್ತದೆ ಎಂದು ಯೋಚಿಸುವುದೇ ಈಗ ಒಂದು ಉದ್ಯೋಗವಾಗಿದೆ. ಅದಕ್ಕೆ ಇನ್‌ಸ್ಟ್ರಕ್ಷನಲ್ ಡಿಸೈನ್ ಎಂದು ಹೆಸರು. ನಾವು ಪಾಠದ ವಿನ್ಯಾಸ ಎಂದು ಕರೆಯೋಣ. ಒಳ್ಳೆಯ ದರ್ಜಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆ ತೆಗೆದುಕೊಳ್ಳುತ್ತಾನಲ್ಲ, ಹಾಗೆ ಪಾಠ ಮಾಡುವ ಮೊದಲು ಕಲಿಯುವವರ ಅಳತೆ ತೆಗೆದುಕೊಳ್ಳುವ ವಿದ್ಯೆ ಇದು. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಬರುವ ಪಾಠಗಳ ಹಿಂದೆ ಈ ಕೆಲಸ ಮಾಡುವವರು ಇರುತ್ತಾರೆ. ಇರಬೇಕು ಅನ್ನುವುದು ಹೆಚ್ಚು ಸರಿ.

ಈ ಹೆಸರು ಕೇಳುವುದಕ್ಕೆ ಎಷ್ಟೋ ವರ್ಷ ಮುಂಚೆ ನಾನು ಈ ವಿದ್ಯೆಯ ರುಚಿ ನೋಡಿದ್ದೆ. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ಬ್ಯಾಂಕಿನ ಶಾಖೆಗಳಿಗೆ ಯಂತ್ರಗಳು ಬರತೊಡಗಿದವು. ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಲ್ಲಿ ಬರೆಯುತ್ತಿದ್ದ ನಮಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಕಲಿಸಲು ತರಬೇತಿಗೆ ಕಳಿಸಿದರು. ನಮಗೆ ಇಬ್ಬರು ಮೇಷ್ಟ್ರು. ಮೊದಲನೆಯವರು ಮಹಾ ವಿದ್ವಾಂಸರು. ಗೋಡೆಯ ಮೇಲೆ ಚಿತ್ರಗಳನ್ನು ಬೆಳಗಿಸುತ್ತಾ ಇಡೀ ಬೆಳಗ್ಗೆ ಮಾತಾಡಿದರು. ನಾವೆಲ್ಲ ತಲೆಯಾಡಿಸಿದೆವು. ಊಟವಾಗಿ ಬಂದು ಯಂತ್ರದ ಮುಂದೆ ಕೂತಾಗ ನಮ್ಮ ತಂಡದ ಒಬ್ಬರಿಗೂ ಮೊದಲ ಗುಂಡಿ ಯಾವುದು ಎಂದು ಹೊಳೆಯಲಿಲ್ಲ.

ಎರಡನೆಯವರು ಮಾತು ಕಡಿಮೆ. ಒಬ್ಬೊಬ್ಬರಿಗೆ ಹತ್ತು ಹಳೆಯ ವೋಚರುಗಳ ಕಟ್ಟು ಕೊಟ್ಟು, “ಇವತ್ತು ಜಮಾ ಮಾತ್ರ. ಖರ್ಚಿನ ಮಾತೇ ಬೇಡ” ಎಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಮ್ಮ ನಡುವೆ ಓಡಾಡಿದರು. ಯಾರಾದರೂ ನಿಂತುಬಿಟ್ಟರೆ, “ಮುಂದೆ ಏನು ಒತ್ತಬೇಕು ಅನ್ಸುತ್ತೆ?” ಎಂದು ಕೇಳುತ್ತಿದ್ದರೇ ಹೊರತು ಕೀಲಿಮಣೆ ಮುಟ್ಟುತ್ತಿರಲಿಲ್ಲ. ಪ್ರತಿ ವೋಚರ್ ಆದ ಕೂಡಲೇ ಮೊತ್ತ ತಾಳೆ ನೋಡಿಸುತ್ತಿದ್ದರು. ಮಾರನೆಯ ಬೆಳಗ್ಗೆ ಹೊಸ ಪಾಠಕ್ಕೆ ಮುಂಚೆ ನಿನ್ನೆಯ ಎರಡು ವೋಚರ್ ಮತ್ತೆ. ಆರನೆಯ ದಿನ ಹೊತ್ತಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಹಿರಿಯ ಸಹೋದ್ಯೋಗಿಯೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸರಾಗವಾಗಿ ಪೋಸ್ಟಿಂಗ್ ಮಾಡುತ್ತಿದ್ದರು.

ಆ ಮೇಷ್ಟ್ರು ಮಾಡಿದ್ದರಲ್ಲಿ ಒಂದೊಂದಕ್ಕೂ ಕಾರಣವಿದೆ. ಬೇರೆ ಬೇರೆ ದೇಶದ ವಿದ್ವಾಂಸರು ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಮೊದಲು, ಕೂಡಲೇ ತಾಳೆ ನೋಡುವ ವಿಷಯ. ಅಮೆರಿಕದಲ್ಲಿ ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. 1953ರಲ್ಲಿ ಒಂದು ದಿನ ಅವರು ಮಗಳ ಶಾಲೆಗೆ ಹೋಗಿ ಗಣಿತದ ತರಗತಿಯಲ್ಲಿ ಕುಳಿತು ನೋಡಿದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಮಾಡಿದ ಲೆಕ್ಕ ಸರಿಯೋ ತಪ್ಪೋ ತಿಳಿಯದೆಯೇ ಮುಂದಿನದಕ್ಕೆ ಹೋಗುತ್ತಿದ್ದರು. ಬೇಗ ಮುಗಿಸಿದವರಿಗೆ ಕೆಲಸವಿಲ್ಲ, ಬಾರದವರಿಗೆ ದಾರಿಯಿಲ್ಲ. ಸ್ಕಿನ್ನರ್ ಮನೆಗೆ ಬಂದು ಪೆಟ್ಟಿಗೆಯಂಥ ಒಂದು ಯಂತ್ರ ಮಾಡಲು ಕೂತರು. ಅದರ ಕಿಟಕಿಯಲ್ಲಿ ಒಂದೇ ಒಂದು ಪ್ರಶ್ನೆ ಕಾಣಿಸುತ್ತದೆ. ಮಗು ಉತ್ತರ ಕೊಟ್ಟ ಕೂಡಲೇ ಸರಿಯೋ ತಪ್ಪೋ ಗೊತ್ತಾಗುತ್ತದೆ. ಆಮೇಲೆ ಮುಂದಿನ ಪ್ರಶ್ನೆ. ಈಗ ನಿಮ್ಮ ಮೊಬೈಲಿನ ಕ್ವಿಜ್‌ಗಳಲ್ಲಿ ಉತ್ತರ ಒತ್ತಿದ ತಕ್ಷಣ ಹಸಿರು ಗುರುತೋ ಕೆಂಪು ಗುರುತೋ ಬರುತ್ತದಲ್ಲ, ಅವೆಲ್ಲ ಆ ಪೆಟ್ಟಿಗೆಯ ಮೊಮ್ಮಕ್ಕಳು ಎನ್ನಬಹುದು.

ಇನ್ನು, ಬಾಯಿಬಿಟ್ಟು ಕೇಳುವ ವಿಷಯ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಚಿಕ್ಕ ಪಾಠ ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿಯ ಬಗ್ಗೆ. ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದು ಸಲ ಓದಿಸಿ, ಹಾಳೆ ಮುಚ್ಚಿಸಿ, ನೆನಪಿಗೆ ಬಂದಷ್ಟನ್ನು ಬರೆಸಿದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಎರಡು ಸಲ ಓದಿದ್ದೇ ಮುಂದೆ! ಆದರೆ ಒಂದು ವಾರ ಬಿಟ್ಟು ಕೇಳಿದಾಗ ಎರಡು ಸಲ ಓದಿದ ಪಾಠದಲ್ಲಿ ಉಳಿದದ್ದು ನೂರಕ್ಕೆ 42ರಷ್ಟು, ಮುಚ್ಚಿಟ್ಟು ಬರೆದದ್ದರಲ್ಲಿ 56ರಷ್ಟು. ಅವರದೇ ಇನ್ನೊಂದು ಪ್ರಯೋಗದಲ್ಲಿ, ಬರೀ ಓದಿದವರಿಗೇ “ನನಗೆ ಚೆನ್ನಾಗಿ ನೆನಪಿರುತ್ತದೆ” ಎಂಬ ನಂಬಿಕೆ ಹೆಚ್ಚಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಸಲ ಓದಿ “ಎಲ್ಲ ಬಂತು” ಎಂದು ಪುಸ್ತಕ ಮುಚ್ಚುವವರು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಮೂರನೆಯದು, ಮಾರನೆಯ ದಿನ ಮತ್ತೆ ಎರಡು ವೋಚರ್. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬುವರು ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಲೆಕ್ಕ ಇಟ್ಟರು. 1885ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಮರೆವು ಮೊದಮೊದಲೇ ಬಹಳ ಜೋರು, ಆಮೇಲೆ ನಿಧಾನ ಎಂದು ಗೊತ್ತಾಯಿತು. ಒಂದೇ ದಿನ ಕುಟ್ಟಿ ತುಂಬುವುದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಮಾಡಿದರೆ ಹೆಚ್ಚು ನಿಲ್ಲುತ್ತದೆ ಎಂದೂ ಗೊತ್ತಾಯಿತು. ನಮ್ಮ ಕಾಲದಲ್ಲಿ ದೀಪ ಹಚ್ಚಿದ ಮೇಲೆ ದಿನಾ ಮಗ್ಗಿ ಒಪ್ಪಿಸುತ್ತಿದ್ದೆವು. ಆ ಪದ್ಧತಿ ಇಟ್ಟ ಹಿರಿಯರಿಗೆ ಎಬ್ಬಿಂಗ್‌ಹೌಸ್ ಹೆಸರು ಗೊತ್ತಿರಲಿಲ್ಲ, ಮರೆವಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ವಿಡಿಯೋ ಪಾಠವೇ ಬೇಡವೇ? ಹಾಗಲ್ಲ. ನಮ್ಮ ದೇಶ ಅದನ್ನು ಬಹಳ ಹಿಂದೆಯೇ ದೊಡ್ಡದಾಗಿ ಮಾಡಿ ನೋಡಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಇಸ್ರೋ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸಿತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಸೈಟ್ ಎಂದು ಆ ಯೋಜನೆಯ ಹೆಸರು. 2020ರಲ್ಲಿ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ ಬಂತು. ಅದೇ ವರ್ಷ ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ನಮ್ಮ ಶಿಕ್ಷಕರು ಮಕ್ಕಳಿದ್ದ ಊರುಗಳಿಗೇ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಕೂರಿಸಿಕೊಂಡು ಪಾಠ ಹೇಳಿದರು. ಟಿವಿ ಒಂದು ಕಡೆಯಿಂದ ಮಾತ್ರ ಮಾತಾಡುತ್ತದೆ. “ನೀನು ಹೇಳು ನೋಡೋಣ” ಎನ್ನಲು ಎದುರಿಗೆ ಒಬ್ಬರು ಬೇಕು.

ಖಾನ್ ಅಕಾಡೆಮಿಯ ಕಥೆಯೂ ಇದನ್ನೇ ಹೇಳುತ್ತದೆ. 2004ರಲ್ಲಿ ಸಲ್ಮಾನ್ ಖಾನ್ ಎಂಬುವರು (ಸಿನಿಮಾದವರಲ್ಲ!) ಬೇರೆ ಊರಿನಲ್ಲಿದ್ದ ತಮ್ಮ ಸಂಬಂಧಿಕರ ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿದರು. ಆಮೇಲೆ ಬೇರೆ ಮಕ್ಕಳೂ ಸೇರಿಕೊಂಡರು. ಅವರ ವಿಡಿಯೋಗಳು ಲೋಕಪ್ರಸಿದ್ಧ. ಆದರೆ 2006ರಲ್ಲಿ ವಿಡಿಯೋ ಹಾಕುವುದಕ್ಕೆ ಮುಂಚೆಯೇ ಅವರು ಆ ಮಕ್ಕಳಿಗಾಗಿ ಲೆಕ್ಕಗಳನ್ನು ಕೊಟ್ಟು ಉತ್ತರ ನೋಡುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದರು. ಮೊದಲು ಅಭ್ಯಾಸ, ಆಮೇಲೆ ಚಿತ್ರ.

ಅಭ್ಯಾಸ ಮಾಡಿಸುವ ಸಲಕರಣೆಗಳು ಈಗ ಬೇಕಾದಷ್ಟಿವೆ, ಅದೂ ಪುಕ್ಕಟೆ. ಫೆಟ್ ಎಂಬುದೊಂದಿದೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಅದನ್ನು ಆರಂಭಿಸಿದರು. ಅದರಲ್ಲಿ ಬ್ಯಾಟರಿ, ತಂತಿ, ಬಲ್ಬನ್ನು ನೀವೇ ಎಳೆದು ಜೋಡಿಸಬೇಕು. ಜೋಡಣೆ ಸರಿಯಾದರೆ ಬಲ್ಬು ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಜಿಯೋಜಿಬ್ರ ಎಂಬ ಇನ್ನೊಂದನ್ನು ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಮಾಡಿದರು. ಅದರಲ್ಲಿ ತ್ರಿಭುಜದ ಒಂದು ಮೂಲೆಯನ್ನು ಬೆರಳಿನಿಂದ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಿರಿ. ಕೋನಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಅಲುಗುವುದಿಲ್ಲ. ಹತ್ತು ಸಲ ಎಳೆದು ನೋಡಿದ ಮಗುವಿಗೆ ಆ ನಿಯಮವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ನಿಮ್ಮ ಪಠ್ಯಪುಸ್ತಕದಲ್ಲಿ ಕಪ್ಪು ಬಿಳಿ ಚೌಕದ ಕ್ಯೂಆರ್ ಕೋಡ್ ಇದೆಯಲ್ಲ, ಅದು 2017ರಲ್ಲಿ ಶುರುವಾದ ದೀಕ್ಷಾ ಎಂಬ ಸರ್ಕಾರಿ ಜಾಲಕ್ಕೆ ಬಾಗಿಲು. ಅಲ್ಲಿ ವಿಡಿಯೋಗಳ ಜೊತೆ ಅಭ್ಯಾಸ ಪ್ರಶ್ನೆಗಳೂ ಇರುತ್ತವೆ. ವಿಡಿಯೋ ಮುಗಿಯಿತೆಂದು ಎದ್ದುಬಿಡಬೇಡಿ.

ಈಗ ನನ್ನ ಅಕ್ಕನ ವಿಷಯ. ಅವಳಿಗೆ 78. ಭಾವ ತೀರಿಕೊಂಡ ಮೇಲೆ ಅರಸೀಕೆರೆಯಲ್ಲಿ ಒಬ್ಬಳೇ ಇದ್ದಾಳೆ. ಮೊಮ್ಮಗ ಊರಲ್ಲಿದ್ದಷ್ಟು ದಿನ ಅವಳ ಫೋನಿನ ಕೆಲಸವೆಲ್ಲ ಅವನದೇ. ಪಿನ್ ಕೂಡ ಅವನಿಗೇ ಗೊತ್ತು. ಅವನು ಮಂಗಳೂರಿಗೆ ಓದಲು ಹೋದ ದಿನದಿಂದ ಫೋನ್ ಹಾಸಿಗೆಯ ಪಕ್ಕ ಮಲಗಿತು. ಮೊಮ್ಮಗನ ಮುಖ ನೋಡಬೇಕೆಂದರೂ ಅವನೇ ಮಾಡಬೇಕು, ಇವಳು ಕಾಯಬೇಕು.

ಪಕ್ಕದ ಮನೆಯಲ್ಲಿ ಏಳನೆಯ ತರಗತಿಯ ಒಬ್ಬಳು ಹುಡುಗಿ ಇದ್ದಾಳೆ. ಅವಳು ಮೇಷ್ಟ್ರಾದಳು. ನಾನು ಹದಿನೈದು ದಿನ ಅಲ್ಲೇ ಇದ್ದುದರಿಂದ ಅವಳ ಪಾಠ ಕಣ್ಣಾರೆ ಕಂಡೆ. ಮೊದಲ ದಿನ ಕೇಳಿದ್ದು, “ಅಜ್ಜಿ, ನಿಮಗೆ ಮೊದಲು ಏನು ಬೇಕು?” ಅಂತ. “ನಮ್ಮ ಹುಡುಗನ ಮುಖ ನೋಡ್ಬೇಕು ಕಣೇ” ಅಂದಳು ಅಕ್ಕ. ಅಲ್ಲಿಗೆ ಪಾಠದ ಗುರಿ ತೀರ್ಮಾನವಾಯಿತು: ವಿಡಿಯೋ ಕರೆ ಮಾಡುವುದು. ದಿನಕ್ಕೆ ಹತ್ತು ನಿಮಿಷ. ಫೋನ್ ಅಕ್ಕನ ಕೈಯಲ್ಲೇ. ಹುಡುಗಿ ಮುಟ್ಟುವುದಿಲ್ಲ. “ಯಾವ ಚಿತ್ರ ಒತ್ತಬೇಕು ಹೇಳಿ, ಅಜ್ಜಿ?” “ಹಸಿರುದು.” “ಒತ್ತಿ.” ಅಕ್ಕ ತನ್ನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ತನ್ನದೇ ಅಕ್ಷರದಲ್ಲಿ ಬರೆದುಕೊಂಡಳು: ‘ಹಸಿರು. ಹುಡುಗನ ಹೆಸರು. ಮೇಲೆ ಕ್ಯಾಮೆರಾ ಬೊಂಬೆ.’ ನಾಲ್ಕನೆಯ ದಿನ ಪುಸ್ತಕ ಮುಚ್ಚಿಟ್ಟು ಮಾಡಿದಳು. ಅತ್ತಲಿಂದ ಮೊಮ್ಮಗ, “ಯಾರು ಮಾಡಿಕೊಟ್ರು ಅಜ್ಜಿ?” ಎಂದ. “ಯಾರೂ ಇಲ್ಲ ಕಣೋ” ಎನ್ನುವಾಗ ಅಕ್ಕನ ದನಿ ಕೇಳಬೇಕಿತ್ತು.

ಆಮೇಲೆ ಹಣದ ಪಾಠ. ಇಲ್ಲಿ ಬ್ಯಾಂಕಿನವನಾಗಿ ನಾನೂ ಬಾಯಿ ಹಾಕಿದೆ. ಮೊದಲು ಹಳೆಯ ಪಿನ್ ಬದಲಾಯಿಸಿ, ಅಕ್ಕನಿಗೆ ಮಾತ್ರ ಗೊತ್ತಿರುವಂತೆ ಮಾಡಿಸಿದೆವು. ಒಂದು ನಿಯಮ ಹೇಳಿದೆ: ಯುಪಿಐನಲ್ಲಿ ನಮ್ಮ ಖಾತೆಗೆ ಹಣ ಬರಬೇಕಾದರೆ ನಾವು ಪಿನ್ ಒತ್ತಬೇಕಾಗಿಲ್ಲ. ನಾನು ಹೇಳಿ ಸುಮ್ಮನಾದೆ. ಹುಡುಗಿ ಸುಮ್ಮನಾಗಲಿಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು ದನಿ ದಪ್ಪ ಮಾಡಿಕೊಂಡು, “ಅಮ್ಮಾ, ಬ್ಯಾಂಕಿಂದ ಮಾತಾಡ್ತಿದೀವಿ, ನಿಮಗೆ ಐದು ಸಾವಿರ ಬರುತ್ತೆ, ಪಿನ್ ಒತ್ತಿ” ಎನ್ನುವಳು. ಅಕ್ಕ ನಗುತ್ತಾ, “ಬರೋ ದುಡ್ಡಿಗೆ ಪಿನ್ ಯಾಕಪ್ಪಾ? ಇಡು ಫೋನು” ಎನ್ನುವಳು. ಒಂದು ದಿನ “ಕರೆಂಟ್ ಆಫೀಸಿಂದ” ಅನ್ನುವಳು, ಇನ್ನೊಂದು ದಿನ “ಲಾಟರಿ ಬಂದಿದೆ” ಅನ್ನುವಳು. ಉತ್ತರ ಒಂದೇ.

ನಾನು ಊರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಅಕ್ಕನಿಗೆ ನಿಜವಾದ ಮೋಸದ ಕರೆ ಬಂದೇ ಬಂತು. ಪಿಂಚಣಿಯ ಬಾಕಿ ಬರುತ್ತದೆ, ಪರದೆಯ ಮೇಲೆ ಬಂದದ್ದಕ್ಕೆ ಪಿನ್ ಒತ್ತಿ ಎಂದನಂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ದಿನಾ ಹೇಳುತ್ತಿದ್ದ ಮಾತನ್ನೇ ಹೇಳಿ ಫೋನ್ ಇಟ್ಟಳು. ಆಮೇಲೆ ನನಗೆ ಫೋನ್ ಮಾಡಿ, “ಕೈ ನಡುಗ್ತಿತ್ತು ಕಣೋ, ಆದ್ರೆ ಬಾಯಿ ತಾನಾಗೇ ಹೇಳ್ತು” ಎಂದಳು. ನಾನು ಒಂದು ಸಲ ಹೇಳಿದ ನಿಯಮ ಅವಳನ್ನು ಕಾಯಿತೆಂದು ನನಗೆ ಅನ್ನಿಸುವುದಿಲ್ಲ. ಹುಡುಗಿ ಹದಿನೈದು ಸಲ ಕೇಳಿದ ಪ್ರಶ್ನೆ ಕಾಯಿತು. (ಅಂಥ ಕರೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಇದನ್ನೂ ಬರೆದಿಟ್ಟುಕೊಳ್ಳಿ.)

ಆ ಹುಡುಗಿ ಪಾಠದ ವಿನ್ಯಾಸದ ಪುಸ್ತಕ ಓದಿದವಳಲ್ಲ. ಆದರೂ ಅವಳ ಪಾಠದಲ್ಲಿ ಬೇಕಾದದ್ದೆಲ್ಲ ಇತ್ತು. ಕಲಿಯುವವರಿಗೆ ಏನು ಬೇಕು ಎಂದು ಮೊದಲು ಕೇಳಿದಳು. ಒಂದು ಸಲಕ್ಕೆ ಒಂದೇ ಕೆಲಸ ಹಿಡಿದಳು. ತಾನು ಮಾಡದೆ ಅವರಿಂದ ಮಾಡಿಸಿದಳು, ಸರಿಯಾಯಿತೋ ಇಲ್ಲವೋ ಎಂದು ಅಲ್ಲೇ ಹೇಳಿದಳು. ನಾಳೆ, ನಾಡಿದ್ದು ಮತ್ತೆ ಕೇಳಿದಳು. ಯಾವುದೇ ಕಲಿಕೆಯ ಆ್ಯಪ್ ಕೈಗೆ ಬಂದರೂ ಇವೇ ಪ್ರಶ್ನೆ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಅದು ಎಷ್ಟು ಸಲ ನಿಂತು ನಿಮ್ಮನ್ನು ಏನಾದರೂ ಕೇಳಿತು? ತಪ್ಪಾದರೆ ಏಕೆ ತಪ್ಪು ಎಂದು ಹೇಳಿತೋ, ಬರೀ ಕೆಂಪು ಗುರುತು ತೋರಿಸಿತೋ? ನಿನ್ನೆಯದನ್ನು ಇವತ್ತು ಮತ್ತೆ ಕೇಳಿತೋ? ಬಣ್ಣ, ಸಂಗೀತ, ಕುಣಿಯುವ ಬೊಂಬೆ ಎಷ್ಟಿವೆ ಎಂಬುದು ಆಮೇಲಿನ ಮಾತು. ಪಾಠ ಮಾಡುವ ಶಿಕ್ಷಕರು ಈ ಪುಟ ಓದುತ್ತಿದ್ದರೆ ಅವರಿಗೂ ನನ್ನ ವಿನಂತಿ ಇದೇ: ವಿಡಿಯೋವನ್ನು ನಡುವೆ ನಿಲ್ಲಿಸಿ, “ಮುಂದೆ ಏನಾಗುತ್ತೆ?” ಎಂದು ಕೇಳಿ. ಆ ಒಂದು ನಿಲುಗಡೆಗೆ ಖರ್ಚಿಲ್ಲ.

ನನ್ನ ವಯಸ್ಸಿನವರಿಗೆ ಒಂದು ಮಾತು. “ಈಗಿನ ಪಾಠ ನಮಗೆ ಅರ್ಥವಾಗೋಲ್ಲ, ನಾವು ಏನು ಹೇಳಿಕೊಡೋದು?” ಎಂದು ನಾವು ದೂರ ಕೂರುತ್ತೇವೆ. ಹೇಳಿಕೊಡುವುದು ಬೇಡ, ಕೇಳಿದರೆ ಸಾಕು. ಮೊಮ್ಮಗಳು ವಿಡಿಯೋ ನೋಡಿ ಎದ್ದಾಗ, “ಪುಸ್ತಕ ಮುಚ್ಚಿಟ್ಟು ನನಗೆ ಹೇಳು ಪುಟ್ಟಿ, ಅದೇನು ದ್ಯುತಿಸಂಶ್ಲೇಷಣೆ ಅಂದ್ರೆ?” ಎನ್ನಿ. ಅವಳು ತಡವರಿಸುವ ಜಾಗವೇ ಅವಳು ಮತ್ತೆ ನೋಡಬೇಕಾದ ಜಾಗ. ಅದು ಅವಳಿಗೇ ಗೊತ್ತಾಗುತ್ತದೆ. ನಿಮಗೆ ವಿಜ್ಞಾನ ಬರದಿರುವುದೇ ಇಲ್ಲಿ ಅನುಕೂಲ. ಬಾರದವರಿಗೆ ಹೇಳುವಾಗ ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ.

ಈ ವಾರದ ಮನೆಗೆಲಸ ಇಬ್ಬರಿಗೂ. ಮಕ್ಕಳೇ, ಮನೆಯ ಹಿರಿಯರೊಬ್ಬರನ್ನು ಕೇಳಿ ಅವರಿಗೆ ಬೇಕಾದ ಒಂದೇ ಒಂದು ಫೋನಿನ ಕೆಲಸ ಆರಿಸಿಕೊಳ್ಳಿ. ದಿನಕ್ಕೆ ಹತ್ತು ನಿಮಿಷ, ಐದು ದಿನ. ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು, ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಿಕೊಳ್ಳಬೇಕು. ರೇಗಬಾರದು. ಅಜ್ಜ ಅಜ್ಜಿಯರೇ, ಪ್ರತಿಯಾಗಿ ನೀವು ದಿನಕ್ಕೊಂದು ಪ್ರಶ್ನೆ ಆ ಮಗುವಿನ ಪಠ್ಯಪುಸ್ತಕದಿಂದ ಕೇಳಬೇಕು. ಎರಡು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೊಮ್ಮೆ. ಭಾನುವಾರ ಇಬ್ಬರೂ ಕೂತು, ಯಾರು ಯಾವುದನ್ನು ಯಾರ ಸಹಾಯವೂ ಇಲ್ಲದೆ ಮಾಡಿದರು ಎಂದು ಒಂದು ಹಾಳೆಯಲ್ಲಿ ಎರಡು ಕಲಂ ಎಳೆದು ಬರೆಯಿರಿ. ಎರಡೂ ಕಡೆ ಜಮಾ ಇರಲಿ.